ಆರ್‌ವಿ ಫರ್ನೇಸ್‌ಗೆ ಮನೆಯ ಥರ್ಮೋಸ್ಟಾಟ್ ಹಾಕಬಹುದೇ?

ಪ್ರಶ್ನೆ: ನಮ್ಮದು ಸೆಕೆಂಡ್ ಹ್ಯಾಂಡ್ ಕೊಂಡ ಹಳೇ ಟ್ರಾವೆಲ್ ಟ್ರೇಲರ್, ಅಂದರೆ ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ದು ಒಳಗೇ ಮಲಗುವಂಥ ಆರ್‌ವಿ. ಒಳಗೆ ಬಿಸಿ ಗಾಳಿ ಬಿಡಲು ಪ್ರೊಪೇನ್ ಗ್ಯಾಸ್‌ನಲ್ಲಿ ಉರಿಯುವ ಫರ್ನೇಸ್ ಇದೆ. ಗೋಡೆಯ ಮೇಲೆ ಸಣ್ಣ ಕಡ್ಡಿ ಸರಿಸಿ ಬಿಸಿ ಹೊಂದಿಸುವ ಹಳೇ ಥರ್ಮೋಸ್ಟಾಟ್. ರಾತ್ರಿ ಒಮ್ಮೆ ಬೆವರುವಷ್ಟು ಕಾಯುತ್ತದೆ. ಆಮೇಲೆ ನಡುಕ ಬರುವಷ್ಟು ತಣ್ಣಗಾಗುವ ತನಕ ಫರ್ನೇಸ್ ಶುರುವಾಗುವುದೇ ಇಲ್ಲ. ಕೆಲವು ದಿನ ಬೆಳಗಿನ ಜಾವ ಫ್ಯಾನ್ ಮಾತ್ರ ತಿರುಗುತ್ತದೆ, ಬರುವುದು ತಣ್ಣನೆ ಗಾಳಿ. ರಿಪೇರಿಯವರು ಆರ್‌ವಿಗೆಂದೇ ಮಾಡಿದ ಡಿಜಿಟಲ್ ಥರ್ಮೋಸ್ಟಾಟ್ ಹಾಕಿಸಿ ಅಂದರು. ಬೆಲೆ ಕೇಳಿ ಗಾಬರಿಯಾಯಿತು. ಮನೆಗೆ ಹಾಕುವ ಅಗ್ಗದ ಥರ್ಮೋಸ್ಟಾಟ್ ಹಾಕಿದರೆ ಆಗುತ್ತಾ? ಮನೆಯದು 24 ವೋಲ್ಟ್, ಗಾಡಿಯದು 12 ವೋಲ್ಟ್, ಸುಟ್ಟುಹೋಗುತ್ತೆ ಅಂತ ಸ್ನೇಹಿತರೊಬ್ಬರು ಹೆದರಿಸುತ್ತಿದ್ದಾರೆ. ಡಿಜಿಟಲ್ ಹಾಕಿದರೆ ಗ್ಯಾಸ್ ಉಳಿಯುತ್ತದೆ ಅನ್ನುವುದು ನಿಜವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಕಲಸಿಕೊಂಡಿವೆ. ಸೆಕೆ, ಚಳಿ ಅಂತ ಏರಿಳಿಯುವುದು ಒಂದು. ಬೆಳಗಿನ ಜಾವ ತಣ್ಣನೆ ಗಾಳಿ ಬರುವುದು ಇನ್ನೊಂದು. ಮೊದಲನೆಯದಕ್ಕೆ ಥರ್ಮೋಸ್ಟಾಟ್ ಕಾರಣ ಇರಬಹುದು. ಎರಡನೆಯದಕ್ಕೆ ಹೆಚ್ಚಾಗಿ ಅಲ್ಲ. ಇದನ್ನು ಬಿಡಿಸಿ ನೋಡದೆ ಹೊಸದು ತಂದರೆ, ಅಗ್ಗದ್ದಾಗಲಿ ದುಬಾರಿಯದಾಗಲಿ, ಬೆಳಗಿನ ಜಾವ ಮತ್ತೆ ಅದೇ ತಣ್ಣನೆ ಗಾಳಿ. ಆಗ ಸುಮ್ನೆ ಹೊಸ ಥರ್ಮೋಸ್ಟಾಟ್ ಬೈಸಿಕೊಳ್ಳುತ್ತದೆ.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ. ಹಾಕಬಹುದು. ಗೋಡೆಯಿಂದ ಬರುವುದು ಎರಡೇ ವೈರ್ ಆಗಿದ್ದರೆ ಮನೆಯ ಸಾದಾ ಥರ್ಮೋಸ್ಟಾಟ್ ಧಾರಾಳವಾಗಿ ಸಾಕು. ಆದರೆ ಮನೆಯದೆಲ್ಲ ಆಗುವುದಿಲ್ಲ. ಯಾವುದು ಆಗುತ್ತದೆ, ಯಾವುದು ಆಗಲ್ಲ ಅನ್ನುವುದು ಗೊತ್ತಾಗಬೇಕಾದರೆ ಆ ಡಬ್ಬಿ ಮಾಡುವ ಕೆಲಸ ಏನು ಅಂತ ತಿಳಿದಿರಬೇಕು.

ನಿಮ್ಮ ಗೋಡೆಯ ಮೇಲಿರುವುದು ಒಂದು ಸ್ವಿಚ್, ಅಷ್ಟೇ. ಲೈಟಿನ ಸ್ವಿಚ್ಚನ್ನು ನಾವು ಕೈಯಿಂದ ಒತ್ತುತ್ತೇವೆ, ಇದನ್ನು ಕೋಣೆಯ ಬಿಸಿ ಒತ್ತುತ್ತದೆ. ತಣ್ಣಗಾದಾಗ ಎರಡು ವೈರ್ ಕೂಡುತ್ತವೆ, ಕಾದ ಮೇಲೆ ಬಿಡುತ್ತವೆ. ಮಿಕ್ಕ ಬುದ್ಧಿಯೆಲ್ಲ ಫರ್ನೇಸ್ ಒಳಗಿದೆ. ವೈರ್ ಕೂಡಿದ ಮೇಲೆ ಬ್ಲೋವರ್, ಅಂದರೆ ಗಾಳಿ ಬೀಸುವ ಫ್ಯಾನ್, ತಿರುಗಲು ಶುರುವಾಗುತ್ತದೆ. ಅದರ ಗಾಳಿ ಒಂದು ತೆಳುವಾದ ತಗಡಿನ ರೆಕ್ಕೆಯನ್ನು ಎತ್ತುತ್ತದೆ. ಅದೇ ಸೇಲ್ ಸ್ವಿಚ್. ಗಾಳಿ ಸಾಕಷ್ಟು ಓಡಾಡುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಅತಿಯಾಗಿ ಕಾದರೆ ಬಿಟ್ಟುಕೊಳ್ಳುವ ಲಿಮಿಟ್ ಸ್ವಿಚ್ ಒಂದಿದೆ. ಎರಡೂ ಸರಿ ಇದ್ದರೆ ಮಾತ್ರ ಫರ್ನೇಸ್‌ನ ಎಲೆಕ್ಟ್ರಾನಿಕ್ ಬೋರ್ಡ್ ಗ್ಯಾಸ್ ವಾಲ್ವ್ ತೆರೆದು ಕಿಡಿ ಕೊಡುತ್ತದೆ. ಉರಿ ಹತ್ತಿತು ಅಂತ ಗೊತ್ತಾಗದಿದ್ದರೆ ಕೆಲವೇ ಸೆಕೆಂಡಿನಲ್ಲಿ ಗ್ಯಾಸ್ ಮುಚ್ಚುತ್ತದೆ. ಥರ್ಮೋಸ್ಟಾಟ್ ‘ಸಾಕು’ ಅಂದ ಮೇಲೂ ಒಳಗಿನ ಬಿಸಿ ಹೋಗುವ ತನಕ ಬ್ಲೋವರ್ ಇನ್ನಷ್ಟು ಹೊತ್ತು ತಿರುಗುತ್ತದೆ. ಹಾಗಾಗಿ ಅಗ್ಗದ ಥರ್ಮೋಸ್ಟಾಟ್ ಹಾಕಿದರೆ ಬೆಂಕಿ ಹತ್ತಿಕೊಳ್ಳಬಹುದು ಅನ್ನುವ ಭಯ ಬೇಡ. ಕಾವಲು ಕಾಯುವವರು ಫರ್ನೇಸ್ ಒಳಗೇ ಇದ್ದಾರೆ.

ಈಗ 24 ವೋಲ್ಟ್ ಮಾತು. ಮನೆಯ ಫರ್ನೇಸ್‌ನಲ್ಲಿ ಥರ್ಮೋಸ್ಟಾಟ್ ವೈರಿನಲ್ಲಿ ಹರಿಯುವುದು 24 ವೋಲ್ಟ್ ಎಸಿ. ನಿಮ್ಮ ಗಾಡಿಯಲ್ಲಿ ಬ್ಯಾಟರಿಯ 12 ವೋಲ್ಟ್ ಡಿಸಿ. ಬರೀ ಸ್ವಿಚ್ ಆದ ಥರ್ಮೋಸ್ಟಾಟ್‌ಗೆ ಈ ವ್ಯತ್ಯಾಸದಿಂದ ಏನೂ ಆಗುವುದಿಲ್ಲ. ಅದರ ಮೇಲೆ ಬರೆದಿರುವ 24 ಅಥವಾ 30 ವೋಲ್ಟ್ ಅನ್ನುವುದು ತಡೆದುಕೊಳ್ಳುವ ಮಿತಿ. 12 ವೋಲ್ಟ್ ಅದಕ್ಕಿಂತ ಕಡಿಮೆ, ಸುಡುವ ಮಾತೇ ಇಲ್ಲ. ನಿಮ್ಮ ಸ್ನೇಹಿತರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಕೆಲವು ಡಿಜಿಟಲ್ ಥರ್ಮೋಸ್ಟಾಟ್‌ಗಳಿಗೆ ತಮ್ಮದೇ ಶೆಲ್ ಇರುವುದಿಲ್ಲ. ಅವು ಆ 24 ವೋಲ್ಟ್ ಎಸಿಯಿಂದಲೇ ಜೀವ ಹಿಡಿಯುತ್ತವೆ. ಗಾಡಿಯಲ್ಲಿ ಅಂಥದ್ದನ್ನು ಹಾಕಿದರೆ ಡಿಸ್‌ಪ್ಲೇ ಕೂಡ ಬೆಳಗುವುದಿಲ್ಲ. ಫೋನಿನಿಂದ ನಡೆಸುವ ಸ್ಮಾರ್ಟ್ ಥರ್ಮೋಸ್ಟಾಟ್‌ಗಳಲ್ಲಿ ಬಹಳಷ್ಟು ಈ ಜಾತಿಯವು. ಇಂಥವನ್ನು ರಿಲೇ (ಕರೆಂಟೇ ಒತ್ತುವ ಸ್ವಿಚ್), ಬೇರೆ ಪವರ್ ಸಪ್ಲೈ ಎಲ್ಲ ಸೇರಿಸಿ ಒಗ್ಗಿಸುವವರಿದ್ದಾರೆ. ಅಷ್ಟೆಲ್ಲ ಮಾಡಿದ ಮೇಲೆ ಅದು ಅಗ್ಗದ್ದು ಅನ್ನಿಸಿಕೊಳ್ಳುವುದಿಲ್ಲ, ಅಲ್ವಾ?

ಕೊಳ್ಳಬಾರದ ಇನ್ನೊಂದು ಜಾತಿ ಇದೆ. ಗೋಡೆಯಡಿಯ ಕರೆಂಟ್ ಹೀಟರ್‌ಗಳಿಗೆ ಹಾಕುವ, 120 ಅಥವಾ 240 ವೋಲ್ಟ್‌ನ ಲೈನ್ ವೋಲ್ಟೇಜ್ ಥರ್ಮೋಸ್ಟಾಟ್. ನೋಡಲು ನಿಮ್ಮದರ ಹಾಗೇ ಇರುತ್ತದೆ, ಕಪಾಟಿನಲ್ಲೂ ಪಕ್ಕದಲ್ಲೇ ಇಟ್ಟಿರುತ್ತಾರೆ. ಅದರ ಕಾಂಟ್ಯಾಕ್ಟ್‌ಗಳು ಭಾರಿ ಕರೆಂಟಿಗೆ ಅಂತ ಮಾಡಿದವು, ಇಷ್ಟು ಸಣ್ಣ ಕರೆಂಟಿಗೆ ನಂಬುವ ಹಾಗಿಲ್ಲ. ಡಬ್ಬಿಯ ಮೇಲೆ ‘ಲೋ ವೋಲ್ಟೇಜ್’ ಅಂತ ಇದೆಯಾ ನೋಡಿ. ‘ಮಿಲಿವೋಲ್ಟ್’ ಅಂತಲೂ ಬರೆದಿದ್ದರೆ ಇನ್ನೂ ಒಳ್ಳೆಯದು. ಅತಿ ಕಡಿಮೆ ವೋಲ್ಟೇಜಿಗೂ ಅದರ ಕಾಂಟ್ಯಾಕ್ಟ್ ಸರಿಯಾಗಿ ಕೂಡುತ್ತದೆ ಅಂತ ಅರ್ಥ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಥರ್ಮೋಸ್ಟಾಟ್‌ನ ಮುಚ್ಚಳ ತೆಗೆಯಿರಿ. ಹಿಂದೆ ಎರಡೇ ವೈರ್ ಇರುವುದನ್ನು ಖಚಿತ ಮಾಡಿಕೊಳ್ಳಿ. ಆ ಎರಡನ್ನೂ ಬಿಚ್ಚಿ ಒಂದಕ್ಕೊಂದು ಮುಟ್ಟಿಸಿ ಹಿಡಿಯಿರಿ. ಲೋಹದ ಬೇರೆ ಯಾವ ಭಾಗಕ್ಕೂ ತಾಗಬಾರದು, ತಾಗಿದರೆ ಫ್ಯೂಸ್ ಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬ್ಲೋವರ್ ತಿರುಗಿ, ಆಮೇಲೆ ಉರಿ ಹತ್ತಿ, ಬಿಸಿ ಗಾಳಿ ಬಂದರೆ ಫರ್ನೇಸ್ ಸರಿ ಇದೆ. ಹೀಗೆ ಪ್ರತಿ ಸಲವೂ ಹತ್ತಿ, ಥರ್ಮೋಸ್ಟಾಟ್ ಜೋಡಿಸಿದಾಗ ಮಾತ್ರ ಹತ್ತದಿದ್ದರೆ ತಪ್ಪು ಥರ್ಮೋಸ್ಟಾಟ್‌ನದು. ವೈರ್ ಮುಟ್ಟಿಸಿದರೂ ಫ್ಯಾನ್ ಮಾತ್ರ ತಿರುಗಿದರೆ ಥರ್ಮೋಸ್ಟಾಟ್ ನಿರಪರಾಧಿ.

ನಿಮ್ಮ ವಿಷಯದಲ್ಲಿ ನನಗೆ ಎದ್ದು ಕಂಡದ್ದು ತಣ್ಣನೆ ಗಾಳಿ ಬರುವ ಹೊತ್ತು. ಸಂಜೆ ಸರಿಯಾಗಿ ಹತ್ತುವ ಫರ್ನೇಸ್ ಬೆಳಗಿನ ಜಾವ ಕೈಕೊಟ್ಟರೆ ನಾನು ಮೊದಲು ನೋಡುವುದು ಬ್ಯಾಟರಿಯನ್ನು. ಲೆಕ್ಕ ಸುಲಭ. ಗಂಟೆಗೆ 30,000 ಬಿಟಿಯು (ಶಾಖದ ಅಳತೆ) ಉರಿಸುವ ಫರ್ನೇಸ್‌ನ ಬ್ಲೋವರ್ ಸುಮಾರು 7ರಿಂದ 9 ಆಂಪ್ ಎಳೆಯುತ್ತದೆ. ಎಂಟು ಅಂತ ಹಿಡಿಯಿರಿ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 40 ಆಂಪ್ ಅವರ್ ಖರ್ಚು. 100 ಆಂಪ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಳಸಬಾರದು. ಬ್ಯಾಟರಿ ಹಳೆಯದಾಗಿದ್ದರೆ, ಹೊರಗೆ ಚಳಿಯೂ ಇದ್ದರೆ, ಅಷ್ಟೂ ಕೊಡುವುದಿಲ್ಲ. ಲೈಟು, ನೀರಿನ ಪಂಪು ತಿಂದದ್ದು ಬೇರೆ. ಬೆಳಗಿನ ಜಾವಕ್ಕೆ ವೋಲ್ಟೇಜ್ ಕುಸಿದು ಬ್ಲೋವರ್ ಸೋಮಾರಿಯಾಗಿ ತಿರುಗುತ್ತದೆ. ಕಿವಿಗೆ ಸದ್ದು ಹೆಚ್ಚುಕಡಿಮೆ ಅದೇ. ಆದರೆ ಸೇಲ್ ಸ್ವಿಚ್ಚಿನ ರೆಕ್ಕೆ ಎತ್ತುವಷ್ಟು ಗಾಳಿ ಇಲ್ಲ. ರೆಕ್ಕೆ ಏಳದಿದ್ದರೆ ಗ್ಯಾಸ್ ಇಲ್ಲ, ಗ್ಯಾಸ್ ಇಲ್ಲದಿದ್ದರೆ ಬಿಸಿ ಇಲ್ಲ. ಇರೋಬರೋ ಚಾರ್ಜನ್ನು ತಣ್ಣನೆ ಗಾಳಿ ಬೀಸಿ ಮುಗಿಸುತ್ತದೆ.

ಇದನ್ನು ನೋಡಲು ಸಾದಾ ಮಲ್ಟಿಮೀಟರ್ ಸಾಕು. ಬ್ಲೋವರ್ ತಿರುಗುತ್ತಿರುವಾಗಲೇ ಫರ್ನೇಸ್‌ಗೆ ಬರುವ ವೈರಿನ ಹತ್ತಿರ ವೋಲ್ಟೇಜ್ ಅಳೆಯಬೇಕು. ನಿಂತಿರುವಾಗ ಅಳೆದದ್ದು ಲೆಕ್ಕಕ್ಕಿಲ್ಲ. 10.5 ವೋಲ್ಟ್ ಹತ್ತಿರ ಬಂದಿದ್ದರೆ ಉತ್ತರ ಸಿಕ್ಕಿತು. ಬ್ಯಾಟರಿಯ ಹತ್ತಿರ 12ಕ್ಕಿಂತ ಮೇಲಿದ್ದು ಫರ್ನೇಸ್ ಹತ್ತಿರ ಕಡಿಮೆ ಬಂದರೆ ನಡುವೆ ಎಲ್ಲೋ ಸಡಿಲವಾದ, ತುಕ್ಕು ಹಿಡಿದ ಜೋಡಣೆ ಇದೆ. ಹೊರಗಿನ ಕರೆಂಟ್ ಜೋಡಿಸಿದಾಗ ಈ ಕಾಟ ಇರುವುದಿಲ್ಲ, ಬ್ಯಾಟರಿಯ ಮೇಲೆ ಇದ್ದಾಗ ಮಾತ್ರ ಇರುತ್ತದೆ ಅಂತಾದರೂ ಅದೇ ಸುಳಿವು. ವೋಲ್ಟೇಜ್ ಚೆನ್ನಾಗಿದ್ದೂ ಹತ್ತದಿದ್ದರೆ ಸೇಲ್ ಸ್ವಿಚ್ಚಿಗೆ ಕೂದಲು, ಧೂಳು ಸುತ್ತಿಕೊಂಡಿರಬಹುದು. ಬಿಸಿ ಗಾಳಿಯ ಕಿಂಡಿಯ ಮುಂದೆ ಚೀಲ ಇಟ್ಟು ಮುಚ್ಚಿರಬಹುದು. ಗ್ಯಾಸೇ ಕಡಿಮೆಯಾಗಿರಬಹುದು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾರೇ ಹೇಳಿದರೂ ಸೇಲ್ ಸ್ವಿಚ್ಚನ್ನು ವೈರ್ ಹಾಕಿ ನೇರ ಮಾಡಬೇಡಿ. ಗಾಳಿ ಇಲ್ಲದೆ ಉರಿ ಹತ್ತಿದರೆ ಏನಾಗುತ್ತದೆ ಅಂತ ಪರೀಕ್ಷೆ ಮಾಡುವ ಜಾಗ ನೀವು ಮಲಗುವ ಗಾಡಿ ಅಲ್ಲ.

ಇನ್ನು ಸೆಕೆ, ಚಳಿಯ ಏರಿಳಿತ. ಇಲ್ಲಿ ನಿಮ್ಮ ಹಳೇ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಬಹುದು. ಆದರೆ ಎಸೆಯುವ ಮುಂಚೆ ಮುಚ್ಚಳ ತೆಗೆದು ಹತ್ತಿರದಿಂದ ನೋಡಿ. ಸುರುಳಿಯಾದ ಎರಡು ಲೋಹದ ಪಟ್ಟಿ, ಅದರ ತುದಿಯಲ್ಲಿ ಸಾಸಿವೆಯಷ್ಟು ಕಾಂಟ್ಯಾಕ್ಟ್ ಕಾಣುತ್ತದೆ. ಅದು ಕಪ್ಪಾಗಿದ್ದರೆ ಫ್ಯೂಸ್ ತೆಗೆದು, ಗಟ್ಟಿ ಬಿಳಿ ಕಾಗದದ ಪಟ್ಟಿಯೊಂದನ್ನು ನಡುವೆ ಇಟ್ಟು, ಕಾಂಟ್ಯಾಕ್ಟನ್ನು ಮೆಲ್ಲಗೆ ಒತ್ತಿ ಹಿಡಿದು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಗೆರೆ ಬೀಳುವುದು ನಿಲ್ಲುವ ತನಕ ಮಾಡಿ. ಸ್ಯಾಂಡ್‌ಪೇಪರ್ ಬೇಡ, ಮೇಲಿನ ಲೇಪವೇ ಹೋಗುತ್ತದೆ. ಇಷ್ಟು ಮಾಡಿ ಒಂದು ಪೈಸೆ ಖರ್ಚಿಲ್ಲದೆ ಸರಿಹೋದ ಥರ್ಮೋಸ್ಟಾಟ್‌ಗಳು ಬೇಕಾದಷ್ಟಿವೆ.

ಅಲ್ಲೇ ಒಂದು ಸಣ್ಣ ಮುಳ್ಳು, ಅದರ ಸುತ್ತ ಆಂಪ್ ಅಂಕಿಗಳು ಕಾಣಬಹುದು. ಅದು ಆಂಟಿಸಿಪೇಟರ್. ಫರ್ನೇಸ್ ಓಡುವಾಗ ಅದು ಥರ್ಮೋಸ್ಟಾಟ್‌ನ ಒಳಗನ್ನೇ ತುಸು ಬಿಸಿ ಮಾಡಿ, ಕೋಣೆ ಅತಿಯಾಗಿ ಕಾಯುವ ಮುಂಚೆ ಉರಿ ನಿಲ್ಲಿಸುತ್ತದೆ. ಮುಳ್ಳು ತಪ್ಪು ಕಡೆ ಇದ್ದರೆ ನೀವು ಹೇಳುವ ಏರಿಳಿತ ಬರುತ್ತದೆ. ಮುಳ್ಳನ್ನು ಕಡಿಮೆ ಆಂಪ್ ಕಡೆ ಕೂದಲೆಳೆಯಷ್ಟು ಸರಿಸಿದರೆ ಫರ್ನೇಸ್ ಬೇಗ ನಿಲ್ಲುತ್ತದೆ, ಬೇಗ ಶುರುವಾಗುತ್ತದೆ. ತೀರ ಕೆಳಗೆ ತಳ್ಳಬೇಡಿ, ಆ ತೆಳು ತಂತಿ ಸುಟ್ಟುಹೋಗಬಹುದು. ಎಷ್ಟಿಡಬೇಕು ಅಂತ ಫರ್ನೇಸ್‌ನ ಮ್ಯಾನುಯಲ್‌ನಲ್ಲಿ ಬರೆದಿದ್ದರೆ ಅಷ್ಟೇ ಇಡಿ.

ಮುಚ್ಚಳದೊಳಗೆ ಗಾಜಿನ ಗುಳಿಗೆಯಲ್ಲಿ ಬೆಳ್ಳಿ ಬಣ್ಣದ ದ್ರವ ಅಲುಗಾಡುತ್ತಿದ್ದರೆ ಅದು ಪಾದರಸ. ಅಂಥದ್ದು ಮಟ್ಟವಾಗಿ ನಿಂತ ಗೋಡೆಗೆ ಸರಿ. ಗಾಡಿ ಒಂದೊಂದು ಕಡೆ ಒಂದೊಂದು ರೀತಿ ವಾಲಿ ನಿಂತರೆ ಅದು ತೋರಿಸುವ ಡಿಗ್ರಿಯೂ ವಾಲುತ್ತದೆ. ಅದನ್ನು ಬದಲಿಸಿ. ಒಡೆಯದ ಹಾಗೆ ತೆಗೆದು ಅಪಾಯಕಾರಿ ಕಸ ತೆಗೆದುಕೊಳ್ಳುವ ಜಾಗಕ್ಕೆ ಕೊಡಿ. ಕಸದ ಬುಟ್ಟಿಗೆ ಹಾಕಬೇಡಿ.

ಥರ್ಮೋಸ್ಟಾಟ್ ಎಲ್ಲಿದೆ ಅನ್ನುವುದೂ ಮುಖ್ಯ. ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿಸಿ ಗಾಳಿಯ ಕಿಂಡಿಯ ಎದುರಿಗಿದ್ದರೆ ಕೋಣೆ ಕಾಯುವ ಮುಂಚೆಯೇ ಅದು ಕಾದು ಆಫ್ ಆಗುತ್ತದೆ. ಹೊರಗೋಡೆಯ ಮೇಲಿದ್ದರೆ ಉಲ್ಟಾ. ಇನ್ನೂ ಮೋಸದ್ದು ಅಂದರೆ ಅದರ ಹಿಂದೆ ವೈರ್ ಬರುವ ತೂತು. ಗಾಡಿಯ ಗೋಡೆಯೊಳಗಿನ ಟೊಳ್ಳಿನಲ್ಲಿ ತಣ್ಣನೆ ಗಾಳಿ ಓಡಾಡುತ್ತಿರುತ್ತದೆ. ಅದು ಆ ತೂತಿನಿಂದ ನೇರವಾಗಿ ಥರ್ಮೋಸ್ಟಾಟ್‌ನ ಬೆನ್ನಿಗೆ ಬೀಸುತ್ತದೆ. ಪಾಪ, ಅದಕ್ಕೆ ಇಡೀ ಗಾಡಿ ಚಳಿಯಲ್ಲಿದೆ ಅನ್ನಿಸುತ್ತದೆ. ನೀವು ಬೆವರುತ್ತಿದ್ದರೂ ಫರ್ನೇಸ್ ಓಡುತ್ತಲೇ ಇರುತ್ತದೆ. ಒಂದು ಚೂರು ಪುಟ್ಟಿ ಒತ್ತಿ ತೂತು ಮುಚ್ಚಿ. ಡಿಜಿಟಲ್ ಹಾಕುವುದಾದರೂ ಈ ಕೆಲಸ ಮೊದಲು ಆಗಬೇಕು.

ಇಷ್ಟಾದ ಮೇಲೂ ಬದಲಿಸಬೇಕು ಅನ್ನಿಸಿದರೆ ನಿಮ್ಮ ಮುಂದೆ ಮೂರು ದಾರಿ. ಎಲ್ಲಕ್ಕಿಂತ ಅಗ್ಗದ್ದು ಹೀಟ್ ಮಾತ್ರ ಇರುವ ಸಾದಾ ಮೆಕ್ಯಾನಿಕಲ್ ಥರ್ಮೋಸ್ಟಾಟ್. ಶೆಲ್ ಬೇಡ, ಕೆಡುವ ಎಲೆಕ್ಟ್ರಾನಿಕ್ಸ್ ಇಲ್ಲ, ಎಂಥ ಚಳಿಯಲ್ಲೂ ಕೆಲಸ ಮಾಡುತ್ತದೆ. ಕೊರತೆ ಅಂದರೆ ಏರಿಳಿತ. 4ರಿಂದ 5 ಡಿಗ್ರಿ ಫ್ಯಾರನ್‌ಹೀಟ್ ಆಚೀಚೆ ಇದ್ದೇ ಇರುತ್ತದೆ. ವರ್ಷದಲ್ಲಿ ಕೆಲವೇ ಚಳಿ ರಾತ್ರಿ ಗಾಡಿಯಲ್ಲಿ ಮಲಗುವವರಿಗೆ ಇದು ಸಾಕು.

ನಿಮಗೆ ನಾನು ಹೇಳುವುದು ಎರಡನೆಯದು. ಎಎ ಅಥವಾ ಎಎಎ ಶೆಲ್ ಹಾಕುವ, ಪ್ರೋಗ್ರಾಂ ಇಲ್ಲದ ಮನೆಯ ಡಿಜಿಟಲ್ ಥರ್ಮೋಸ್ಟಾಟ್. ಅದರ ಮ್ಯಾನುಯಲ್‌ನಲ್ಲಿ ಎರಡೇ ವೈರಿನ ಹೀಟ್ ಸಿಸ್ಟಮ್‌ಗೆ ಆಗುತ್ತದೆ, ಮಿಲಿವೋಲ್ಟ್‌ಗೂ ಆಗುತ್ತದೆ ಅಂತ ಇರಬೇಕು. ಹಾಗಿದ್ದರೆ ಒಳಗೆ ನಿಜವಾದ ರಿಲೇ ಇದೆ ಅಂತ ಧೈರ್ಯವಾಗಿರಬಹುದು. ಆನ್, ಆಫ್ ಆಗುವಾಗ ಟಿಕ್ ಅಂತ ಸಣ್ಣ ಸದ್ದು ಕೇಳುತ್ತದಲ್ಲ, ಅದೇ. ರಿಲೇ ಬದಲು ಬರೀ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಮಾಡೆಲ್‌ಗಳೂ ಇವೆ. ಎಸಿಗೆಂದು ಮಾಡಿದ ಅವು ಡಿಸಿಯಲ್ಲಿ ಒಮ್ಮೆ ಕೂಡಿದರೆ ಬಿಡುವುದೇ ಇಲ್ಲ. ಫರ್ನೇಸ್ ನಿಲ್ಲುವುದೂ ಇಲ್ಲ.

ಈ ಡಿಜಿಟಲ್‌ಗಳಲ್ಲಿ ಹಾಕಿದ ದಿನವೇ ಸೆಟ್ಟಿಂಗ್ ಒಂದನ್ನು ಬದಲಿಸಿ. ಕೆಲವದರಲ್ಲಿ ಅದು ‘ಸ್ವಿಂಗ್’ (ಎಷ್ಟು ಡಿಗ್ರಿ ಏರಿಳಿಯಲು ಬಿಡಬೇಕು ಅನ್ನುವುದು), ಕೆಲವದರಲ್ಲಿ ಗಂಟೆಗೆ ಎಷ್ಟು ಸಲ ಓಡಬೇಕು ಅನ್ನುವ ಲೆಕ್ಕ. ಮನೆಯ ದೊಡ್ಡ ಕೋಣೆಗೆ ಅಂತ ಅದನ್ನು ಬಿಗಿಯಾಗಿ ಇಟ್ಟಿರುತ್ತಾರೆ. ನಿಮ್ಮ ಗಾಡಿ ಪುಟ್ಟದು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಬಿಗಿಯಾಗಿಟ್ಟರೆ ಫರ್ನೇಸ್ ಮೇಲಿಂದ ಮೇಲೆ ಹತ್ತಿ ಆರುತ್ತದೆ. ಪ್ರತಿ ಸಲ ಉರಿ ಹತ್ತುವ ಮುಂಚೆಯೂ ಆರಿದ ಮೇಲೂ ಬ್ಲೋವರ್ ಓಡುತ್ತದೆ, ಅದು ಬ್ಯಾಟರಿಯ ಖರ್ಚು. ಸ್ವಿಂಗ್ 2ರಿಂದ 3 ಡಿಗ್ರಿ ಫ್ಯಾರನ್‌ಹೀಟ್ ಇಟ್ಟರೆ ನಿದ್ದೆಗೂ ಬ್ಯಾಟರಿಗೂ ಹಿತ. ಈ ಡಿಜಿಟಲ್‌ನ ನಿಜವಾದ ಅಪಾಯ ಶೆಲ್ ಮುಗಿಯುವುದು. ಶೆಲ್ ಸತ್ತಾಗ ಸಾಮಾನ್ಯವಾಗಿ ಫರ್ನೇಸ್ ಆಫ್ ಆಗುತ್ತದೆ. ಗಾಡಿಯನ್ನು ಚಳಿಯಲ್ಲಿ ಬಿಟ್ಟು ಹೋಗಿದ್ದರೆ ನೀರಿನ ಪೈಪ್ ಒಡೆಯಬಹುದು. ಲಿಥಿಯಂ ಶೆಲ್ ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ಸೀಸನ್ ಶುರುವಿನಲ್ಲಿ ಹೊಸದು ಹಾಕಿಬಿಡಿ.

ಮೂರನೆಯದು ನಿಮಗೆ ರಿಪೇರಿಯವರು ಹೇಳಿದ ಆರ್‌ವಿಯದೇ ಡಿಜಿಟಲ್. ಅವರನ್ನು ಕಳ್ಳರು ಅನ್ನಲಾರೆ. ಅದು ಗಾಡಿಯ 12 ವೋಲ್ಟ್‌ನಿಂದಲೇ ನಡೆಯುತ್ತದೆ, ಶೆಲ್ ಚಿಂತೆ ಇಲ್ಲ, ಕುಲುಕಾಟ ತಡೆಯುತ್ತದೆ. ಆದರೆ ಅದಕ್ಕೆ ಹೆಚ್ಚಾಗಿ ಮೂರನೆಯ ವೈರ್ ಬೇಕು. ನಿಮ್ಮ ಗೋಡೆಯಲ್ಲಿ ಅದಿಲ್ಲದಿದ್ದರೆ ಎಳೆಯುವ ಕೂಲಿಯೂ ಸೇರುತ್ತದೆ. ಬೆಲೆ ಕೇಳಿ ಗಾಬರಿಯಾದದ್ದರಲ್ಲಿ ಕೂಲಿಯ ಪಾಲು ಎಷ್ಟು ಅಂತ ಒಮ್ಮೆ ವಿಚಾರಿಸಿ.

ನಾನು ಹೇಳಿದ್ದೆಲ್ಲ ಎರಡು ವೈರಿನ ಮಾತು ಅನ್ನುವುದು ನೆನಪಿರಲಿ. ಒಂದೇ ಥರ್ಮೋಸ್ಟಾಟ್ ಮೇಲ್ಛಾವಣಿಯ ಏಸಿಯನ್ನೂ ಫರ್ನೇಸನ್ನೂ ನಡೆಸುತ್ತಿದ್ದರೆ ನಾಲ್ಕಾರು ವೈರ್ ಇರುತ್ತವೆ. ಹಳೇ ಫೋನಿನ ವೈರಿನಂಥ ಕೇಬಲ್ ಬಂದಿದ್ದರೆ ಅದರಲ್ಲಿ ಹರಿಯುವುದು ಬರೀ ಆನ್, ಆಫ್ ಅಲ್ಲ, ಸಿಗ್ನಲ್. ಅಲ್ಲಿ ವೈರ್ ಮುಟ್ಟಿಸುವ ಪರೀಕ್ಷೆ ಮಾಡಬಾರದು, ಬೋರ್ಡೇ ಹೋಗಬಹುದು. ಮನೆಯ ಥರ್ಮೋಸ್ಟಾಟ್ ಕೂಡ ಅಲ್ಲಿ ಕೂರುವುದಿಲ್ಲ. ಅಂಥ ಗಾಡಿಗಳಲ್ಲಿ ಫರ್ನೇಸ್‌ಗೆ ಹೋಗುವ ಎರಡು ವೈರನ್ನು ಹುಡುಕಿ ಅದಕ್ಕೊಂದು ಪ್ರತ್ಯೇಕ ಥರ್ಮೋಸ್ಟಾಟ್ ಹಾಕುವುದುಂಟು. ಅದು ತಿಳಿದವರು ಮಾಡಬೇಕಾದ ಕೆಲಸ.

ನಿಮ್ಮದನ್ನು ನೀವೇ ಹಾಕಬಹುದು. ಫರ್ನೇಸ್‌ನ ಫ್ಯೂಸ್ ತೆಗೆಯಿರಿ. ಹಳೆಯದನ್ನು ಬಿಚ್ಚಿದ ತಕ್ಷಣ ವೈರ್‌ಗಳನ್ನು ಒಂದು ಪೆನ್ಸಿಲ್ಲಿಗೆ ಸುತ್ತಿ, ಇಲ್ಲದಿದ್ದರೆ ಗೋಡೆಯೊಳಗೆ ಜಾರಿ ಬೀಳುತ್ತವೆ. ಆಮೇಲೆ ಅದನ್ನು ಹೊರಗೆ ಎಳೆಯುವುದು ಅರ್ಧ ದಿನದ ಕೆಲಸ. ವೈರಿನ ಬಣ್ಣ ನೋಡಿ ಏನನ್ನೂ ಊಹಿಸಬೇಡಿ, ಗಾಡಿಗಳಲ್ಲಿ ಬಣ್ಣಕ್ಕೆ ನಿಯತ್ತಿಲ್ಲ. ಹೊಸದರಲ್ಲಿ ಒಂದನ್ನು ‘ಆರ್’ ಅಥವಾ ‘ಆರ್‌ಎಚ್’ ಅಂತ ಬರೆದಲ್ಲಿಗೆ, ಇನ್ನೊಂದನ್ನು ‘ಡಬ್ಲ್ಯೂ’ ಅಂತ ಬರೆದಲ್ಲಿಗೆ ಸೇರಿಸಿ. ಬರೀ ಸ್ವಿಚ್ ಆದ್ದರಿಂದ ಯಾವುದು ಯಾವ ಕಡೆ ಹೋದರೂ ಪರವಾಗಿಲ್ಲ.

ಕೊನೆಗೆ ಗ್ಯಾಸ್ ಉಳಿತಾಯ. ಥರ್ಮೋಸ್ಟಾಟ್ ಡಿಜಿಟಲ್ ಆದ ಮಾತ್ರಕ್ಕೆ ಗ್ಯಾಸ್ ಉಳಿಯುವುದಿಲ್ಲ. 20 ಪೌಂಡಿನ, ಅಂದರೆ ಸುಮಾರು 9 ಕಿಲೋ ಪ್ರೊಪೇನ್ ಸಿಲಿಂಡರ್‌ನಲ್ಲಿ ಹತ್ತಿರ ಹತ್ತಿರ 4.3 ಲಕ್ಷ ಬಿಟಿಯು ಶಾಖ ಇದೆ. 30,000 ಬಿಟಿಯು ಫರ್ನೇಸ್ ಬಿಡದೆ ಉರಿದರೆ ಸುಮಾರು 14 ಗಂಟೆಗೆ ಖಾಲಿ. ಉಳಿಸುವುದು ನೀವಿಡುವ ಡಿಗ್ರಿ. ಹೊರಗೆ 0 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಳಗೆ 20ರ ಬದಲು 16 ಇಟ್ಟರೆ ಸೋರುವ ಬಿಸಿ ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಡಿಜಿಟಲ್‌ನಲ್ಲಿ ಆ 16 ಅನ್ನುವುದು ನಿಜವಾಗಿ 16 ಆಗಿರುತ್ತದೆ, ಕಡ್ಡಿಯದರಲ್ಲಿ ಅಂದಾಜು. ಅಷ್ಟರ ಮಟ್ಟಿಗೆ ಲಾಭ. ತೀರ ಇಳಿಸಲೂ ಬೇಡಿ. ಕೆಲವು ಗಾಡಿಗಳಲ್ಲಿ ನೆಲದಡಿಯ ಪೈಪ್‌ಗಳಿಗೂ ಇದೇ ಫರ್ನೇಸ್‌ನ ಗಾಳಿಯೇ ಆಸರೆ. ಗ್ಯಾಸ್ ಉಳಿಸಲು ಅಂತ ರಾತ್ರಿ ಅಡುಗೆ ಒಲೆ ಹಚ್ಚಿ ಮಲಗುವವರನ್ನು ಕಂಡಿದ್ದೇನೆ. ಒಲೆಯಿಂದ ಬರಬಹುದಾದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿಗೆ ವಾಸನೆ ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಗಾಡಿ ಹಳೆಯದು ಅಂದಿರಿ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಲಾರಂನ ಹಿಂದೆ ಅಚ್ಚಾದ ತಾರೀಖು ಮುಗಿದಿದ್ದರೆ ಥರ್ಮೋಸ್ಟಾಟ್‌ಗಿಂತ ಮುಂಚೆ ಅದನ್ನು ಬದಲಿಸಿ.

ಹಳೇ ಕಡ್ಡಿ ಥರ್ಮೋಸ್ಟಾಟ್‌ನಲ್ಲಿ ಪಾದರಸ ಇಲ್ಲದಿದ್ದರೆ ಎಸೆಯಬೇಡಿ. ಕಾಂಟ್ಯಾಕ್ಟ್ ಉಜ್ಜಿ, ಒಂದು ಸ್ಕ್ರೂಡ್ರೈವರ್ ಜೊತೆ ಡ್ರಾಯರ್‌ನಲ್ಲಿ ಇಟ್ಟಿರಿ. ಎಲ್ಲೋ ದೂರದ ಕ್ಯಾಂಪಿನಲ್ಲಿ ಡಿಜಿಟಲ್ ಕೈಕೊಟ್ಟರೆ ಐದು ನಿಮಿಷದಲ್ಲಿ ಅದನ್ನೇ ಮತ್ತೆ ಗೋಡೆಗೆ ಏರಿಸಬಹುದು.